ತಡಿಯಂಡಮೋಳ್ ಮೇಲೆ ಹ್ಯಾಮ್ ರೇಡಿಯೊ: ಬ್ಯಾಟರಿ ತುಂಬಿಸಿಕೊಳ್ಳುವ ಬಗೆ

ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ (1748 ಮೀಟರ್) ಮೇಲಿಂದ ರೇಡಿಯೊ ನಡೆಸಬೇಕೆಂದು ಹೊರಡುವ, ಹವ್ಯಾಸಿ ರೇಡಿಯೊ ಬಳಕೆದಾರರಾದ ಹ್ಯಾಮ್‌ಗಳು ಆಂಟೆನಾದ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಬ್ಯಾಟರಿಯನ್ನು ಎಲ್ಲಿ, ಯಾವಾಗ ಚಾರ್ಜ್ ಮಾಡುವುದೆಂಬುದನ್ನು ಮಾತ್ರ ಕೊನೆಗೆ ಬಿಡುತ್ತಾರೆ. ಗೆಳೆಯರೊಬ್ಬರೊಡನೆ ಕಕ್ಕಬ್ಬೆಯಲ್ಲಿ ತಂಗಿ, ನಾಲ್ಕುನಾಡು ಅರಮನೆಯ ಬಳಿಯಿಂದ ಚಾರಣ ಹೊರಟು ಬಂದ ಅನುಭವದ ಮೇಲೆ ಹೇಳುವುದಾದರೆ, ಈ ಪ್ರವಾಸದ ಯಶಸ್ಸು ಬೆಟ್ಟ ಹತ್ತುವ ಹಿಂದಿನ ರಾತ್ರಿಯೇ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ.

ಮೊದಲು ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಿಕೊಳ್ಳಬೇಕು. ಐದು ವಾಟ್‌ನ ಸಾಮಾನ್ಯ ಸೆಟ್ ಆಲಿಸುವಾಗ ಸುಮಾರು 0.45 ಆಂಪಿಯರ್, ಪ್ರಸಾರ ಮಾಡುವಾಗ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸಮಯದ ಕಾಲು ಭಾಗ ಪ್ರಸಾರ, ಉಳಿದದ್ದು ಆಲಿಸುವಿಕೆ ಎಂದು ಹಿಡಿದರೆ ಸರಾಸರಿ 0.84 ಆಂಪಿಯರ್ ಆಗುತ್ತದೆ. ಶಿಖರದ ಮೇಲೆ ನಾಲ್ಕು ಗಂಟೆ ಕೂರುವವರಿಗೆ ಸುಮಾರು 3.4 ಆಂಪಿಯರ್-ಅವರ್ (ಆಂಪಿಯರ್ ಅನ್ನು ಗಂಟೆಯಿಂದ ಗುಣಿಸಿದ ಅಳತೆ) ಬೇಕು. ಯುಪಿಎಸ್‌ಗಳಲ್ಲಿ ಬಳಸುವ 7 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಅದರ ತೂಕ ಎರಡು ಕಿಲೋ ಮೀರುತ್ತದೆ, ಬಾಳಿಕೆಯ ದೃಷ್ಟಿಯಿಂದ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ, ಕೊನೆಯ ಕಡಿದಾದ ಏರಿನಲ್ಲಿ ಅದನ್ನು ಹೊತ್ತವರಿಗೇ ಅದರ ಭಾರ ಗೊತ್ತು. 6 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಕಿಲೋದೊಳಗೇ ಬರುತ್ತದೆ ಮತ್ತು ಅದರ ಶೇಕಡ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಹಣ ಖರ್ಚು ಮಾಡಲು ಯೋಗ್ಯವಾದ ಸಾಮಾನು ಇದೊಂದೇ ಎಂದರೂ ತಪ್ಪಿಲ್ಲ.

ನಾಲ್ಕು ಸೆಲ್‌ಗಳ ಈ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಲು 14.6 ವೋಲ್ಟ್ ಕೊಡುವ, ಅದಕ್ಕೆಂದೇ ತಯಾರಾದ ಚಾರ್ಜರ್ ಬೇಕು. ಮೂರು ಆಂಪಿಯರ್‌ನ ಚಾರ್ಜರ್ ಇದ್ದರೆ ಖಾಲಿ ಬ್ಯಾಟರಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ತುಂಬುತ್ತದೆ, ಬ್ಯಾಟರಿಯ ತಯಾರಕರು ಅಷ್ಟು ಕರೆಂಟಿಗೆ ಒಪ್ಪಿರಬೇಕು ಅಷ್ಟೇ. ಕಾಫಿ ತೋಟಗಳ ನಡುವಿನ ಹೋಂಸ್ಟೇಗಳಲ್ಲಿ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ಅಪರೂಪವಲ್ಲವಾದ್ದರಿಂದ, ಊಟ ಮುಗಿಸಿ ಮಲಗುವ ಮುನ್ನ ನೋಡಿಕೊಂಡರಾಯಿತು ಎನ್ನದೆ, ಕೋಣೆಗೆ ಕಾಲಿಟ್ಟ ಕೂಡಲೇ ಚಾರ್ಜಿಗೆ ಹಾಕಿಬಿಡುವುದು ಒಳ್ಳೆಯದು. ಮನೆಯ ಇನ್ವರ್ಟರ್‌ನಲ್ಲಿ ಚಾರ್ಜ್ ಮಾಡಬೇಕಾಗಿ ಬಂದರೆ ಮನೆಯವರನ್ನು ಕೇಳಿಯೇ ಮಾಡಬೇಕು. ಸ್ಕ್ವೇರ್ ವೇವ್ ಇನ್ವರ್ಟರ್‌ಗಳಲ್ಲಿ ಕೆಲವು ಚಾರ್ಜರ್‌ಗಳು ಹೆಚ್ಚು ಬಿಸಿಯಾಗುವುದರಿಂದ ಆಗಾಗ ಮುಟ್ಟಿ ನೋಡುತ್ತಿರಬೇಕು.

ಸೋಲಾರ್ ಪ್ಯಾನೆಲ್ ಒಯ್ದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಕೊಡಗಿನ ಮಟ್ಟಿಗೆ ಅದನ್ನೇ ನಂಬಿ ಹೊರಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ತೋಟದಲ್ಲಿ ಸಿಲ್ವರ್ ಓಕ್ ಮೊದಲಾದ ನೆರಳಿನ ಮರಗಳಿರುತ್ತವೆ, ಪ್ಯಾನೆಲ್‌ನ ಸೆಲ್‌ಗಳು ಸರಣಿಯಲ್ಲಿ ಜೋಡಿಸಿದವಾದ್ದರಿಂದ ಒಂದು ಮೂಲೆಗೆ ಬಿದ್ದ ಎಲೆಯ ನೆರಳೂ ಇಡೀ ಪ್ಯಾನೆಲ್‌ನ ಉತ್ಪಾದನೆಯನ್ನು ಕುಗ್ಗಿಸುತ್ತದೆ, ಅದರ ಮೇಲೆ ಬೆಳಗಿನ ಮಂಜು ಬೇರೆ. ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ಬಂದ ಮೇಲೆ ಚಿತ್ರ ಬದಲಾಗುತ್ತದೆ: ತಿಳಿ ಬಿಸಿಲಿನಲ್ಲಿ 20 ವಾಟ್‌ನ ಪ್ಯಾನೆಲ್ ಒಂದು ಆಂಪಿಯರ್‌ನಷ್ಟು ಕೊಡುವುದರಿಂದ ಸೆಟ್ ಎಳೆಯುವ ಸರಾಸರಿ ಕರೆಂಟ್ ಅದರಲ್ಲೇ ಸರಿದೂಗುತ್ತದೆ. ಆದರೆ ಪ್ಯಾನೆಲ್‌ನ ಚಾರ್ಜ್ ಕಂಟ್ರೋಲರ್, ವಿಶೇಷವಾಗಿ ಅಗ್ಗದ ಎಂಪಿಪಿಟಿ (ಪ್ಯಾನೆಲ್‌ನಿಂದ ಗರಿಷ್ಠ ಶಕ್ತಿ ಪಡೆಯುವ) ಮಾದರಿಯದು, 7 ಮತ್ತು 14 ಮೆಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸಿ ಕ್ಷೀಣ ಸಂಕೇತಗಳನ್ನು ಮುಚ್ಚಿಹಾಕಬಲ್ಲದು. ದುರ್ಬಲ ನಿಲ್ದಾಣವನ್ನು ಆಲಿಸುವಾಗ ಪ್ಯಾನೆಲ್ಲನ್ನು ಬಿಡಿಸಿ, ಊಟದ ವೇಳೆಯಲ್ಲಿ ಮತ್ತೆ ಜೋಡಿಸುವುದೇ ಸುಲಭದ ದಾರಿ.

ಮನೆಯ ದೀಪ, ಅಡಾಪ್ಟರ್‌ಗಳೂ ಇಂಥದೇ ಗದ್ದಲ ಎಬ್ಬಿಸುವುದರಿಂದ ಹೋಂಸ್ಟೇಯಲ್ಲಿ ಕರೆಂಟ್ ಹೋದಾಗ ಬೇಸರಪಡಬೇಕಾಗಿಲ್ಲ. ಸುತ್ತಲಿನ ಎಲ್‌ಇಡಿ ದೀಪ, ಅಡಾಪ್ಟರ್‌ಗಳೆಲ್ಲ ಆರಿದಾಗ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಎಷ್ಟು ಸ್ವಚ್ಛವಾಗುತ್ತದೆಂಬುದನ್ನು ಪಟ್ಟಣದ ಹ್ಯಾಮ್‌ಗಳು ಒಮ್ಮೆ ಕೇಳಲೇಬೇಕು. ಮೊದಲೇ ತುಂಬಿಸಿಟ್ಟ ಬ್ಯಾಟರಿ ಆಗಲೂ ನೆರವಿಗೆ ಬರುತ್ತದೆ.

ಕಾರಿನಲ್ಲಿ ಬರುವವರು ಅದರ 12 ವೋಲ್ಟ್ ಸಾಕೆಟ್ಟಿಗೆ ನೇರವಾಗಿ ಬ್ಯಾಟರಿ ಜೋಡಿಸದೆ, ವೋಲ್ಟೇಜನ್ನು 14.6ಕ್ಕೆ ಏರಿಸಿ ಕರೆಂಟಿಗೆ ಮಿತಿ ಹಾಕುವ ಡಿಸಿ ಚಾರ್ಜರ್ ಬಳಸಬೇಕು. ಕಣ್ಣೂರಿಗೆ ವಿಮಾನದಲ್ಲಿ ಬಂದು ಅಲ್ಲಿಂದ ಬೆಟ್ಟ ಹತ್ತುವ ಯೋಜನೆಯಿದ್ದರೆ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು, 12.8 ವೋಲ್ಟ್, 6 ಆಂಪಿಯರ್-ಅವರ್‌ನದು 76.8 ವಾಟ್-ಅವರ್ ಆಗುವುದರಿಂದ ವಿಮಾನಯಾನದ 100 ವಾಟ್-ಅವರ್ ಮಿತಿಯೊಳಗಿರುತ್ತದೆ. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬ್ಯಾಟರಿಗೆ ತೀರ ಸಮೀಪದಲ್ಲಿ ಧನ ತಂತಿಗೆ ಫ್ಯೂಸ್ ಹಾಕಿರಬೇಕು. ಈ ಜಾತಿಯ ಬ್ಯಾಟರಿಯ ವೋಲ್ಟೇಜ್ ಬಹುಕಾಲ 13ರ ಆಸುಪಾಸಿನಲ್ಲೇ ನಿಂತು ಕೊನೆಗೆ ಒಮ್ಮೆಲೇ ಕುಸಿಯುವುದರಿಂದ ವೋಲ್ಟ್‌ಮೀಟರ್ ನೋಡಿ ಉಳಿಕೆ ಅಂದಾಜಿಸಲಾಗದು. ಬಳಸಿದ ಆಂಪಿಯರ್-ಅವರ್ ತೋರಿಸುವ ಸಣ್ಣ ಮೀಟರ್ ಒಂದನ್ನು ತಂತಿಯ ನಡುವೆ ಜೋಡಿಸಿಕೊಂಡು, ಅದು 4.5 ದಾಟಿದೊಡನೆ ಸೆಟ್ ಆರಿಸಿ ಇಳಿಯಲು ಹೊರಡಬೇಕು.