ಕಂಬದ ತುದಿಯ ಲೈಟು

ದಾವಣಗೆರೆಯ ಆಟೋ ಎಲೆಕ್ಟ್ರಿಷಿಯನ್‌ಗೂ ಹಾಯಿದೋಣಿಗೂ ಏನು ಸಂಬಂಧ, ಅಲ್ವಾ? ಗೋವಾದಲ್ಲಿ ಹಾಯಿದೋಣಿ ಇಟ್ಟುಕೊಂಡಿರುವ ಭಾವಮೈದ ರಾತ್ರಿ ನನಗೆ ಫೋನ್ ಮಾಡಿದ. "ಭಾವ, ಹಾಯಿ ಕಂಬದ ತುದಿ ಲೈಟು ಕಣ್ಣಿಗೆ ಹೊಡೀತಿದೆ, ಬೆಳಕು ತಗ್ಗಿಸೋ ಡಿಮ್ಮರ್ ಹಾಕ್ಲಾ?"

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ತೋರಿಸುವ ಲೈಟು ಬೇರೆ ಹಡಗಿನವರಿಗೆ. ಅವನದು 14 ಮೀಟರ್ ದೋಣಿ, 2 ನಾಟಿಕಲ್ ಮೈಲಿ (ಸುಮಾರು 3.7 ಕಿ.ಮೀ.) ದೂರಕ್ಕೆ ಕಾಣಲೇಬೇಕು. ಅದನ್ನು ಮುಟ್ಟಬೇಡ ಅಂದೆ. ಗಾಳಿಯ ದಿಕ್ಕು ತೋರಿಸುವ ಬಾಣದ ಪುಟ್ಟ ಎಲ್‌ಇಡಿಗೆ ಮಾತ್ರ ಬೇರೆ ವೈರು ಎಳೆದು, ಸುಮ್ನೆ ಕರೆಂಟು ತಗ್ಗಿಸುವ ಒಂದು ರೆಸಿಸ್ಟರ್ ಹಾಕು. ಅಗ್ಗದ ಡಿಮ್ಮರ್ ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಆಗುತ್ತದೆ. ಪಕ್ಕದಲ್ಲೇ ದೋಣಿಯ ವಿಎಚ್‌ಎಫ್ ರೇಡಿಯೋದ ಆಂಟೆನಾ ಇದ್ದರೆ ರೇಡಿಯೋ ಗೊರಗೊರ ಅನ್ನಬಹುದು.

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20–30 ನಿಮಿಷ ಬೇಕು. ಫೋನಿಟ್ಟು, ಅಂಗಡಿ ಲೈಟು ಆರಿಸಿ ಹೊರಗೆ ನಿಂತೆ. ಎದುರಿನ ಬೆಣ್ಣೆದೋಸೆ ಹೋಟೆಲ್ ಬೋರ್ಡು ಬಿಡಬೇಕಲ್ಲ!