ತಿರುಗದ ವೇದಿಕೆ

2011ರಲ್ಲಿ ಆಫೀಸಿನ ಕೆಲಸಕ್ಕೆ ಅಂತ ಆರು ತಿಂಗಳು ಲಂಡನ್ ಹತ್ತಿರದ ರೆಡಿಂಗ್ ಊರಿನಲ್ಲಿದ್ದೆ. ಒಂದು ಶನಿವಾರ ಲಂಡನ್ನಿನ ಪ್ಯಾಡಿಂಗ್ಟನ್‌ವರೆಗೆ ರೈಲು, ಅಲ್ಲಿಂದ ಬೇಕರ್‌ಲೂ ಲೈನಿನಲ್ಲಿ ಪಿಕಡಿಲಿ ಸರ್ಕಸ್, ಆಮೇಲೆ ನಡೆದು ಶಾಫ್ಟ್ಸ್‌ಬರಿ ಅವೆನ್ಯೂನ ಕ್ವೀನ್ಸ್ ಥಿಯೇಟರ್‌ಗೆ ಹೋದೆ. ವಿಕ್ಟರ್ ಹ್ಯೂಗೋನ ಕಾದಂಬರಿಯಿಂದ ಮಾಡಿದ ಹಾಡಿನ ನಾಟಕ 'ಲೆ ಮಿಸೆರಾಬ್ಲ್' ನೋಡಬೇಕಿತ್ತು. ಕೈಗೆಟುಕಿದ್ದು ಅಗ್ಗದ ಟಿಕೆಟ್, ಸೀಟು ಛಾವಣಿಯ ಹತ್ತಿರ. ನಟರ ಮುಖಕ್ಕಿಂತ ಅವರ ನೆತ್ತಿಯೇ ಜಾಸ್ತಿ ಕಾಣುತ್ತಿತ್ತು.

ಆದರೆ ಮೇಲೆ ಕೂತಿದ್ದಕ್ಕೇ ವೇದಿಕೆಯ ನೆಲದಲ್ಲಿದ್ದ ಆ ದೊಡ್ಡ ಚಕ್ರ ಪೂರ್ತಿ ಕಂಡಿತು. ಬೀಸೋ ಕಲ್ಲಿನ ಹಾಗೆ ನಿಧಾನಕ್ಕೆ ಸುತ್ತುತ್ತಿತ್ತು. ಜೈಲಿನಿಂದ ಬಿಟ್ಟ ಕಥಾನಾಯಕ ವಾಲ್‌ಜಾನ್ ನಡೆಯುತ್ತಾನೆ, ನೆಲ ತಿರುಗುತ್ತದೆ, ವರ್ಷಗಳು ಕಳೆಯುತ್ತವೆ. 1832ರ ಪ್ಯಾರಿಸ್ ದಂಗೆಯಲ್ಲಿ ವಿದ್ಯಾರ್ಥಿಗಳು ಮೇಜು ಕುರ್ಚಿ ಗಾಡಿ ಎಲ್ಲಾ ಒಟ್ಟಿ ಬೀದಿಗೆ ಅಡ್ಡಗೋಡೆ ಕಟ್ಟಿರುತ್ತಾರಲ್ಲ, ಪುಟ್ಟ ಹುಡುಗ ಗವ್ರೋಷ್ ಗುಂಡು ಹೆಕ್ಕಲು ಅದನ್ನು ಹತ್ತಿ ಆಚೆಗೆ ಇಳಿದಾಗ ಇಡೀ ಗೋಡೆಯೇ ತಿರುಗಿ, ಅವನು ಸಾಯುವುದನ್ನು ನಾವು ಸೈನಿಕರ ಕಡೆಯಿಂದ ನೋಡಬೇಕಾಗುತ್ತಿತ್ತು. ಹೋರಾಟ ಮುಗಿದ ಮೇಲೆ ಗೋಡೆ ಮತ್ತೆ ಸುತ್ತುತ್ತಿತ್ತು, ಆಚೆ ಬದಿಯಲ್ಲಿ ವಿದ್ಯಾರ್ಥಿಗಳ ನಾಯಕ ಕೆಂಪು ಬಾವುಟದ ಮೇಲೆ ತಲೆಕೆಳಗಾಗಿ ಬಿದ್ದಿರುತ್ತಿದ್ದ. ಯಾರೂ ಏನೂ ಹಾಡುತ್ತಿರಲಿಲ್ಲ. ಬರೀ ಆ ಸುತ್ತು.

ಮದುವೆಯಾದ ಮೇಲೆ ಹೆಂಡತಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

2023ರಲ್ಲಿ ರೆಡಿಂಗ್‌ನಲ್ಲೇ ಇರುವ ಅವಳ ತಂಗಿ ಮನೆಗೆ ಹೋದೆವು. ಈಗ ರೈಲು ಬದಲಿಸುವ ಗೋಜಿಲ್ಲ, ಎಲಿಜಬೆತ್ ಲೈನ್ ಹತ್ತಿದರೆ ನೇರ ಟಾಟನ್‌ಹ್ಯಾಮ್ ಕೋರ್ಟ್ ರೋಡ್. ಚೈನಾಟೌನ್ ಸುತ್ತಾಡಿಕೊಂಡು ಥಿಯೇಟರ್ ಮುಂದೆ ಬಂದರೆ ಹೆಸರೇ ಬೇರೆ, ಸಾಂಡ್‌ಹೈಮ್ ಥಿಯೇಟರ್. 2019ರಲ್ಲಿ ರಿಪೇರಿಗೆ ಮುಚ್ಚಿ, ಹೊಸ ಹೆಸರಲ್ಲಿ ತೆಗೆದರು. ಒಳಗೆ ಬಂಗಾರದ ಬಣ್ಣ, ಕೆಂಪು ಸೀಟು, ನಿಜಕ್ಕೂ ಚೆಂದ. ಈ ಸಲ ಕೆಳಗಡೆ ಒಳ್ಳೇ ಸೀಟನ್ನೇ ತೆಗೆದುಕೊಂಡಿದ್ದೆ. ಅದರ ಬೆಲೆ ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ.

ಚಕ್ರ ಇರಲಿಲ್ಲ.

ನನಗೆ ಗೊತ್ತಿರಬೇಕಿತ್ತು, ಓದಿಕೊಂಡು ಹೋಗಬೇಕಿತ್ತು. 1985ರಲ್ಲಿ ಟ್ರೆವರ್ ನನ್ ಮತ್ತು ಜಾನ್ ಕೇರ್ಡ್ ನಿರ್ದೇಶಿಸಿದ ಪ್ರದರ್ಶನ 2019ಕ್ಕೇ ನಿಂತಿತ್ತು. ಈಗಿನದು 25ನೇ ವರ್ಷದ ಪ್ರವಾಸಕ್ಕೆಂದು ಬೇರೆಯವರು ಹೊಸದಾಗಿ ಕಟ್ಟಿದ್ದು. ಹಾಡುಗಳು ಅವೇ. ಹಿಂದಿನ ಪರದೆಯ ಮೇಲೆ ವಿಕ್ಟರ್ ಹ್ಯೂಗೋ ತಾನೇ ಬರೆದ ಚಿತ್ರಗಳ ಛಾಯೆ ಮೂಡುತ್ತದೆ. ಆತ ಶಾಯಿಗೆ ಕಾಫಿ, ಹೊಗೆಮಸಿ ಎಲ್ಲಾ ಬೆರೆಸಿ ಚಿತ್ರ ಬರೆಯುತ್ತಿದ್ದನಂತೆ, ಅವು ಚೆನ್ನಾಗಿಯೇ ಇವೆ. ಆದರೆ ವಾಲ್‌ಜಾನ್ ಗಾಯಾಳು ಹುಡುಗನನ್ನು ಹೆಗಲ ಮೇಲೆ ಹೊತ್ತು ಚರಂಡಿಯಲ್ಲಿ ನಡೆಯುವಾಗ ಹಿಂದೆ ಚಿತ್ರ ಓಡುತ್ತದೆ, ಹಳೇ ಸಿನಿಮಾಗಳಲ್ಲಿ ನಿಂತ ಕಾರಿನ ಹಿಂದೆ ಮರಗಳು ಓಡುತ್ತಿದ್ದವಲ್ಲ, ಹಾಗೆ. ಗವ್ರೋಷ್ ಗೋಡೆ ಹಾರಿ ಆಚೆ ಹೋದ. ಗೋಡೆ ಅಲ್ಲೇ ನಿಂತಿತ್ತು. ನಮಗೆ ಕೇಳಿಸಿದ್ದು ಅವನ ದನಿ, ಗುಂಡಿನ ಸದ್ದು, ಅಷ್ಟೇ.

"ಇಲ್ಲಿ ತಿರುಗಬೇಕಿತ್ತು" ಅಂದೆ, ಸ್ವಲ್ಪ ಜೋರಾಗಿಯೇ.

"ರೀ, ಸುಮ್ನೆ ಕೂತ್ಕೊಳ್ಳಿ" ಅಂದಳು. ನೋಡಿದರೆ ಕಣ್ಣಲ್ಲಿ ನೀರು.

ಹಾಡಿದವರಲ್ಲಿ ಕೊರತೆ ಇರಲಿಲ್ಲ, ಅದನ್ನೂ ಹೇಳಬೇಕು. ಆದರೂ ನನಗೆ ಎಲ್ಲಾ ಅವಸರ ಅನ್ನಿಸಿತು. ಒಂದು ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನದು ಹೊರಟಿರುತ್ತದೆ. ನಾನು ಹನ್ನೆರಡು ವರ್ಷ ಹಾಡುಗಳನ್ನು ಹೊಗಳಿಕೊಂಡು ಓಡಾಡಿದ್ದೆ, ಮನಸ್ಸಲ್ಲಿ ಉಳಿದಿದ್ದು ಮಾತ್ರ ಹಾಡಿಲ್ಲದ ಆ ಸುತ್ತು ಅಂತ ಗೊತ್ತಾಗಲು ಇಷ್ಟು ದುಡ್ಡು ಸುರಿಯಬೇಕಾಯಿತು.

ವಾಪಸ್ ರೈಲಿನಲ್ಲಿ ಅವಳು ಯಾವುದೋ ಹಾಡು ಗುನುಗುತ್ತಿದ್ದಳು. ನಾನು ಮುಖ ಊದಿಸಿಕೊಂಡಿದ್ದೆ. ಸ್ಲೌ ಸ್ಟೇಷನ್ ದಾಟಿದ ಮೇಲೆ ಕೇಳಿದಳು, "ಅದೇನು ಅಷ್ಟೊಂದು ತಿರುಗ್ತಿತ್ತು, ತೋರಿಸಿ ನೋಡೋಣ."

ಇಂಟರ್‌ವಲ್‌ನಲ್ಲಿ ತಿಂದ ಐಸ್‌ಕ್ರೀಮಿನ ಪುಟ್ಟ ಡಬ್ಬಿಯನ್ನು, ಕುಂಕುಮಕ್ಕೆ ಆಗುತ್ತೆ ಅಂತ, ಅವಳು ಒರೆಸಿ ಬ್ಯಾಗಿಗೆ ಹಾಕಿಕೊಂಡಿದ್ದಳು. ಅದರ ಮುಚ್ಚಳ ಇಸಿದುಕೊಂಡೆ. ಮೇಲೆ ಪ್ಲಾಸ್ಟಿಕ್ ಚಮಚ ಅಡ್ಡ ನಿಲ್ಲಿಸಿದೆ, ಗೋಡೆ ಅಂತ. ಈಚೆಗೆ ಅವಳು, ಆಚೆಗೆ ಒಂದು ನಾಣ್ಯ, ಅದು ಗವ್ರೋಷ್. ಅಂಗೈ ಮೇಲೆ ಮೆಲ್ಲಗೆ ತಿರುಗಿಸಿದೆ. ರೈಲು ಕುಲುಕಿತು, ಚಮಚ ಬಿತ್ತು.

"ಇನ್ನೊಂದ್ಸಲ" ಅಂದಳು.