ಮೂರರಲ್ಲಿ ಯಾವುದನ್ನ ನೋಡ್ತೀಯೋ?

"ಮೂರು ಇಟ್ಕೊಂಡು ಯಾವುದನ್ನ ನೋಡ್ತೀಯೋ?"

ಆಟ ಆಡಲು ಮೂರನೇ ಮಾನಿಟರ್ ಬೇಕೆಂದ ತಮ್ಮನಿಗೆ ಅಕ್ಕ ಕೇಳಿದ್ದು ಇಷ್ಟೇ. ಅವನು ಉತ್ತರ ಕೊಡಲಿಲ್ಲ. ಕುತ್ತಿಗೆ ಉಜ್ಜಿಕೊಂಡು ಸುಮ್ಮನಾದ. ಮೊನ್ನೆ ನಡೆದ ಮಾತು, ಇನ್ನೂ ಕಿವಿಯಲ್ಲೇ ಇದೆ. ಗೇಮಿಂಗ್‌ಗೆ ಒಂದೇ ದುಬಾರಿ ಮಾನಿಟರ್ ಸರಿಯೋ, ಎರಡು-ಮೂರು ಸಾಧಾರಣದವು ಸರಿಯೋ ಎಂದು ಪಿಕ್ಸೆಲ್ (ಚಿತ್ರದ ಚುಕ್ಕಿಗಳು), ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ) ಎಂದು ಲೆಕ್ಕ ಹಾಕುತ್ತ ಗಂಟೆಗಟ್ಟಲೆ ವಾದಿಸುವವರಿದ್ದಾರೆ. ಆಟವನ್ನೇ ಆಡದ, ಆಫೀಸಿನಲ್ಲಿ ಎರಡು ಸ್ಕ್ರೀನ್ ಮುಂದೆ ಕೂತು ಲೆಕ್ಕಪತ್ರ ನೋಡುವ ಹುಡುಗಿ ಒಂದೇ ಸಾಲಿನಲ್ಲಿ ಬುಡಕ್ಕೇ ಕೈ ಹಾಕಿದಳು.

ಹುಡುಗನ ಮೇಜು 120 ಸೆಂ.ಮೀ. ಅಗಲ, 60 ಆಳ. ಮೇಲೆ 24 ಇಂಚಿನ ಎರಡು 1080ಪಿ (1920 ಗುಣಿಸು 1080 ಪಿಕ್ಸೆಲ್) ಮಾನಿಟರ್‌ಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟಿದ್ದಾನೆ. ಕುರ್ಚಿ ಮೇಜಿನ ನಟ್ಟನಡುವೆ. ಹಾಗಾಗಿ ಮೂಗಿನ ನೇರಕ್ಕೆ ಕಾಣುವುದು ಎರಡು ಮಾನಿಟರ್ ಕೂಡುವ ಕಪ್ಪು ಪಟ್ಟಿ. ಆಟ ಎಡಗಡೆ, ಚಾಟ್ ಬಲಗಡೆ. 24 ಇಂಚಿನ ಸ್ಕ್ರೀನ್ 53 ಸೆಂ.ಮೀ. ಅಗಲ ಇರುತ್ತದೆ, ಅಂದರೆ ಆಟದ ನಡುಭಾಗ ಮೂಗಿನ ನೇರದಿಂದ ಸುಮಾರು 27 ಸೆಂ.ಮೀ. ಆಚೆ. 60 ಸೆಂ.ಮೀ. ದೂರದಲ್ಲಿ ಕೂತವನಿಗೆ ಅದು 24 ಡಿಗ್ರಿ ತಿರುವು. ದಿನಾ ಮೂರು-ನಾಲ್ಕು ಗಂಟೆ ಹಾಗೆ ಎಡಕ್ಕೆ ತಿರುಗಿ ಕೂತರೆ ಕುತ್ತಿಗೆ ನೋಯದೆ ಇನ್ನೇನಾದೀತು? ಅವನು ಪಾಪ, ದಿಂಬು ಬದಲಿಸಿದ್ದ.

ಎರಡರ ಮೇಲೂ ಆಟ ಹರಡಿ ನೋಡಿದ್ದನಂತೆ. ಗುರಿ ಇಡುವ ಚುಕ್ಕಿ ಸರಿಯಾಗಿ ಆ ಕಪ್ಪು ಪಟ್ಟಿಯ ಮೇಲೇ ಬಂದು ಕೂತಿತು. ಅದಕ್ಕೇ ಮೂರನೆಯದು ಬೇಕು ಅನ್ನುವುದು ಅವನ ವಾದ. ತರ್ಕ ತಪ್ಪಿಲ್ಲ. ಆಟ ಹರಡುವುದಿದ್ದರೆ ಸ್ಕ್ರೀನ್ ಒಂದಿರಬೇಕು, ಇಲ್ಲವೇ ಮೂರಿರಬೇಕು. ಆದರೆ ಅವನು ಆಡುವುದು ಶೂಟರ್ ಆಟಗಳು. ಅಲ್ಲಿ ಕಣ್ಣು ನೆಟ್ಟಿರುವುದು ಅಂಗೈಯಗಲದ ಜಾಗದಲ್ಲಿ. ಅಕ್ಕನ ಪ್ರಶ್ನೆ ಚುಚ್ಚಿದ್ದು ಅಲ್ಲೇ.

ಮೂರು ಸ್ಕ್ರೀನ್ ನಿಜವಾಗಿ ಸಾರ್ಥಕವಾಗುವುದು ರೇಸಿಂಗ್, ವಿಮಾನ ಹಾರಿಸುವ ಆಟಗಳಲ್ಲಿ. ಪಕ್ಕದಲ್ಲಿ ಬರುವ ಕಾರು ಅಲ್ಲಿ ಓರೆಗಣ್ಣಿಗೆ ಬೀಳಬೇಕು. ಅದಕ್ಕೂ ಅಳತೆ ಇದೆ. 27 ಇಂಚಿನ ಸ್ಕ್ರೀನ್ ಸುಮಾರು 60 ಸೆಂ.ಮೀ. ಅಗಲ, 60 ಸೆಂ.ಮೀ. ದೂರದಿಂದ ಅದು ಕಣ್ಣಿನಲ್ಲಿ ತುಂಬುವುದು 53 ಡಿಗ್ರಿ. ಪಕ್ಕದವೆರಡನ್ನೂ ಒಳಕ್ಕೆ ಮಡಚಬೇಕಾದದ್ದು ಅಷ್ಟೇ ಡಿಗ್ರಿ. ಹಾಗೆ ಮಡಚಿದರೂ ಒಟ್ಟು ಅಗಲ 132 ಸೆಂ.ಮೀ. ಆಗುತ್ತದೆ, ಪಕ್ಕದ ಸ್ಕ್ರೀನುಗಳ ಹೊರ ಅಂಚು ನಡುವಿನದಕ್ಕಿಂತ 48 ಸೆಂ.ಮೀ. ಮುಂದೆ ಬಂದು ನಿಲ್ಲುತ್ತದೆ. 120ರ ಮೇಜಿನಲ್ಲಿ ಎರಡೂ ಬದಿ ಆಚೆ ಚಾಚಿಕೊಂಡಿರುತ್ತವೆ. ಮೌಸ್ ಆಡಿಸಲು ಜಾಗ ಎಲ್ಲಿ ಎಂದು ಕೇಳಬೇಡಿ.

ಗ್ರಾಫಿಕ್ಸ್ ಕಾರ್ಡ್ ಕಂಪನಿಗಳು ಕೊಡುವ ಸೌಲಭ್ಯಗಳು, ಎನ್‌ವಿಡಿಯಾದ ಸರೌಂಡ್ ಆಗಲಿ ಎಎಂಡಿಯ ಐಫಿನಿಟಿ ಆಗಲಿ, ಮೂರನ್ನೂ ಸೇರಿಸಿ ಒಂದೇ ಉದ್ದದ ಸ್ಕ್ರೀನ್ ಎಂದು ಆಟಕ್ಕೆ ತೋರಿಸುತ್ತವೆ. ಮೂರಕ್ಕೂ ಒಂದೇ ರೆಸಲ್ಯೂಶನ್, ಒಂದೇ ರಿಫ್ರೆಶ್ ರೇಟ್ (ಹರ್ಟ್ಜ್) ಇಟ್ಟುಕೊಳ್ಳಬೇಕು. ಮಾಡೆಲ್ ಕೂಡ ಒಂದೇ ಇದ್ದರೆ ಉತ್ತಮ, ಇಲ್ಲದಿದ್ದರೆ ಒಂದರಲ್ಲಿ ಆಕಾಶ ನೀಲಿ, ಇನ್ನೊಂದರಲ್ಲಿ ಬೂದಿ. ಬೆಜೆಲ್ ಕರೆಕ್ಷನ್ ಹಾಕಿದರೆ ಅಂಚಿನ ಪಟ್ಟಿಯ ಹಿಂದೆ ಚಿತ್ರ ಅಡಗಿದಂತೆ ಕಂಡು ರಸ್ತೆಯ ಗೆರೆ ಮುರಿಯುವುದಿಲ್ಲ. ಇಷ್ಟಾದರೂ ಹೆಚ್ಚಿನ ಆಟಗಳು ಇಡೀ ದೃಶ್ಯವನ್ನು ಒಂದೇ ಚಪ್ಪಟೆ ಹಾಳೆಯಂತೆ ಬಿಡಿಸುವುದರಿಂದ ಪಕ್ಕದ ಸ್ಕ್ರೀನಿನಲ್ಲಿ ಎಲ್ಲವೂ ಎಳೆದ ರಬ್ಬರಿನಂತೆ ಕಾಣುತ್ತದೆ. ಐರೇಸಿಂಗ್, ಅಸೆಟ್ಟೊ ಕೊರ್ಸ ತರಹದವು ಮೂರು ಕೋನಕ್ಕೆ ಮೂರು ಸಲ ಬೇರೆಬೇರೆಯಾಗಿ ಬಿಡಿಸಬಲ್ಲವು. ಶೂಟರ್ ಆಡುವವನಿಗೆ ಆ ಭಾಗ್ಯ ಬಹುತೇಕ ಇಲ್ಲ. ಗುಂಡು ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿ ಬಲತುದಿಯ ಮೂಲೆಗೆ ಹೋಗಿ ಕೂತರೆ ಅದನ್ನು ನೋಡಲು ತಲೆ ತಿರುಗಿಸಬೇಕು, ಅಷ್ಟರಲ್ಲಿ ಸತ್ತಿರುತ್ತೀರಿ.

ಇನ್ನು ಗ್ರಾಫಿಕ್ಸ್ ಕಾರ್ಡಿನ ಪಾಡು. 1080ಪಿ ಮೂರು ಸೇರಿದರೆ 62 ಲಕ್ಷ ಪಿಕ್ಸೆಲ್. 4ಕೆ (3840 ಗುಣಿಸು 2160) ಒಂದೇ 83 ಲಕ್ಷ. 1440ಪಿ (2560 ಗುಣಿಸು 1440) ಮೂರು ಅಂದರೆ 1 ಕೋಟಿ 10 ಲಕ್ಷ, ಅಂದರೆ 4ಕೆಗಿಂತ ಮೂರನೇ ಒಂದರಷ್ಟು ಹೆಚ್ಚು ಹೊರೆ. "ಒಂದೇ 4ಕೆ ನನ್ನ ಕಾರ್ಡಿಗೆ ಭಾರ, ಅದಕ್ಕೇ ಮೂರು 1440ಪಿ" ಅನ್ನುವವರು ಈ ಕೂಡುವ ಲೆಕ್ಕ ಮಾಡಿಯೇ ಇರುವುದಿಲ್ಲ. 4ಕೆಗೆ ಡಿಎಲ್‌ಎಸ್‌ಎಸ್ (ಎನ್‌ವಿಡಿಯಾದ ಚಿತ್ರ ಹಿಗ್ಗಿಸುವ ತಂತ್ರ) ಕ್ವಾಲಿಟಿ ಮೋಡ್ ಹಾಕಿದರೆ ಕಾರ್ಡ್ ಒಳಗೆ ಬಿಡಿಸುವುದು 1440ಪಿಯಷ್ಟೇ, ಉಳಿದದ್ದನ್ನು ಅದು ತುಂಬಿಕೊಳ್ಳುತ್ತದೆ. ಹೀಗಾಗಿ ಒಂದು 4ಕೆಯನ್ನು ನಡುತರದ ಕಾರ್ಡೂ ಹೇಗೋ ತೂಗಿಸಿಕೊಂಡು ಹೋಗುತ್ತದೆ.

ಹುಡುಗನ ಎರಡನೇ ಆಸೆ 32 ಇಂಚಿನ 4ಕೆ ಒಎಲ್‌ಇಡಿ. ಚಿತ್ರಕ್ಕೆ ಅದನ್ನು ಮೀರಿದ್ದು ಸದ್ಯ ಕಾಣೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಆರಿದರೆ ಪೂರ್ತಿ ಕಪ್ಪು. ಆದರೆ ಮಕ್ಕಳಂತೆ ಸಾಕಬೇಕು. ಟಾಸ್ಕ್‌ಬಾರ್ ಅಡಗಿಸಿಡಿ, ಕದಲದ ಚಿತ್ರವನ್ನು ಗಂಟೆಗಟ್ಟಲೆ ಬಿಡಬೇಡಿ, ಗುರುತು ಉಳಿದುಬಿಡುತ್ತದೆ. ಆಟ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಇದ್ದರಂತೂ ಬಿಡಲೇಬೇಕು: ಒಎಲ್‌ಇಡಿ ತನ್ನ ಪಿಕ್ಸೆಲ್ ರಿಫ್ರೆಶ್ (ಗುರುತು ಉಳಿಯದಂತೆ ಮಾಡುವ ಆರೈಕೆ) ಮಾಡಿಕೊಳ್ಳುವುದು ಸ್ಟ್ಯಾಂಡ್‌ಬೈನಲ್ಲಿ ಇದ್ದಾಗ. ಡಬ್ಬದ ಮೇಲೆ ಡಿಸ್‌ಪ್ಲೇಎಚ್‌ಡಿಆರ್ 400 ಎಂದು ಬರೆದ ಎಲ್‌ಸಿಡಿ ನೋಡಿ ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ಅಂತರ ತೋರಿಸುವ ಚಿತ್ರ) ಸಿಕ್ಕಿತು ಎಂದು ಹಿಗ್ಗುವವರಿಗೆ ಒಂದು ಮಾತು: ಆ ದರ್ಜೆಗೆ ಲೋಕಲ್ ಡಿಮ್ಮಿಂಗ್, ಅಂದರೆ ಕತ್ತಲ ಭಾಗದ ಹಿಂದಿನ ಬೆಳಕನ್ನಷ್ಟೇ ತಗ್ಗಿಸುವುದು, ಕಡ್ಡಾಯವೇ ಅಲ್ಲ. ಕೇಬಲ್ಲನ್ನೂ ನೋಡಿಕೊಳ್ಳಿ. ಎಚ್‌ಡಿಎಂಐ 2.0ರಲ್ಲಿ 4ಕೆ ಪೂರ್ತಿ ಬಣ್ಣದೊಂದಿಗೆ 60 ಹರ್ಟ್ಜ್‌ಗೇ ನಿಲ್ಲುತ್ತದೆ, 120ಕ್ಕೆ 2.1 ಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ 1.4.

ನಡುವಿನ ದಾರಿ 34 ಇಂಚಿನ ಅಲ್ಟ್ರಾವೈಡ್: 3440 ಗುಣಿಸು 1440, 50 ಲಕ್ಷ ಪಿಕ್ಸೆಲ್, ನಡುವೆ ಪಟ್ಟಿ ಇಲ್ಲ. ಎಲ್ಡನ್ ರಿಂಗ್‌ನಂಥ ಆಟ 16:9 ಅಗಲ-ಎತ್ತರದ ಅನುಪಾತ ಬಿಟ್ಟು ಕದಲುವುದಿಲ್ಲ, ಎರಡೂ ಬದಿ ಕಪ್ಪು. ಅಷ್ಟನ್ನು ಸಹಿಸಬಹುದು.

ಇಷ್ಟೆಲ್ಲ ಮಾತು ನಡೆಯುತ್ತಿದ್ದಾಗ ಬಯಲಾದದ್ದು ಇನ್ನೊಂದು. ಎಡಗಡೆಯ ಮಾನಿಟರ್ 144 ಹರ್ಟ್ಜ್‌ನದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಇಳಿದು ನೋಡಿದರೆ 60ಕ್ಕೆ ನಿಂತಿದೆ. ಎರಡು ವರ್ಷದಿಂದ! ಮುಖ ನೋಡಬೇಕಿತ್ತು. ಎಚ್‌ಡಿಎಂಐ ಕೇಬಲ್ ಹಾಕಿದ್ದ, ಹಳೆಯ ಎಚ್‌ಡಿಎಂಐ 1.4 ಪೋರ್ಟಿನಲ್ಲಿ ಹರ್ಟ್ಜ್ ಆಯ್ಕೆಗಳ ಪಟ್ಟಿ 120ಕ್ಕೇ ಮುಗಿದಿತ್ತು. ಡಬ್ಬದೊಳಗೇ ಪ್ಲಾಸ್ಟಿಕ್ ಬಿಚ್ಚದೆ ಮಲಗಿದ್ದ ಡಿಸ್‌ಪ್ಲೇಪೋರ್ಟ್ ಕೇಬಲ್ ಸಿಕ್ಕಿಸಿದ ಮೇಲೆ 144 ಕಾಣಿಸಿತು. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಮೌಸ್ ಅಲ್ಲಾಡಿಸಿದ ಕೂಡಲೇ ಅವನಿಗೇ ಗೊತ್ತಾಯಿತು. ಕೊಳ್ಳುವ ಮೊದಲು ಇದ್ದದ್ದನ್ನು ಪೂರ್ತಿ ಬಳಸಿದ್ದೇವೆಯೇ ಎಂದು ನೋಡುವ ತಾಳ್ಮೆ ಈ ವಯಸ್ಸಿನಲ್ಲಿ ಯಾರಿಗಿರುತ್ತದೆ? ಯಾವ ವಯಸ್ಸಿನಲ್ಲೂ ಇಲ್ಲ ಅನ್ನಿ.

144ರದ್ದನ್ನು ಎಳೆದು ನಟ್ಟನಡುವೆ ಇಟ್ಟೆವು, ಮೇಲಂಚು ಕಣ್ಣಿನ ಮಟ್ಟಕ್ಕೆ. ಇನ್ನೊಂದು, 60 ಹರ್ಟ್ಜ್‌ನದು, ಬಲಕ್ಕೆ ಓರೆಯಾಗಿ, ಚಾಟ್‌ಗೆ. ಎರಡನೆಯದಕ್ಕೆ ವೇಗ ಬೇಕಿಲ್ಲ, ಅಲ್ಲಿ ಆಟವನ್ನು ಬಿಡಿಸುವುದೇ ಇಲ್ಲ. ಬೇರೆಬೇರೆ ಹರ್ಟ್ಜ್ ಇದ್ದಾಗ ಕೆಲವು ಕಾರ್ಡುಗಳು ಸುಮ್ಮನಿರುವಾಗಲೂ ಮೆಮೊರಿ ವೇಗ ಇಳಿಸದೆ ಬಿಸಿಯಾಗಿರುತ್ತವೆ, ಅಷ್ಟು ಗಮನದಲ್ಲಿರಲಿ.

ಅಕ್ಕ ಆಮೇಲೆ ಹಳೆಯ ರಟ್ಟಿನಿಂದ 71 ಸೆಂ.ಮೀ. ಅಗಲ, 40 ಎತ್ತರದ ತುಂಡು ಕತ್ತರಿಸಿ ಮಾನಿಟರಿನ ಮುಂದೆ ನಿಲ್ಲಿಸಿದಳು: 32 ಇಂಚು ಅಂದರೆ ಇಷ್ಟು. 60 ಸೆಂ.ಮೀ. ದೂರದಲ್ಲಿ ಮೂಲೆಗಳನ್ನು ನೋಡಲು ಕಣ್ಣು ಓಡಾಡಬೇಕು. 75ಕ್ಕೆ ಸರಿದರೆ ಹಾಯಾಗಿದೆ, ಆದರೆ ಕುರ್ಚಿ ಮಂಚಕ್ಕೆ ತಾಗುತ್ತದೆ. ಮೇಜಿನ ಹಿಂದಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಹಾಕಿ ಸ್ಕ್ರೀನನ್ನು ಗೋಡೆಯತ್ತ ತಳ್ಳಬಹುದು. ಹಿಂಬದಿಯಲ್ಲಿ 100 ಗುಣಿಸು 100 ಮಿ.ಮೀ. ವೆಸಾ ರಂಧ್ರಗಳಿವೆಯೇ (ಆರ್ಮ್ ಬಿಗಿಯುವ ಸ್ಕ್ರೂ ರಂಧ್ರಗಳು), ಆರ್ಮ್ ತಡೆಯುವ ತೂಕವೆಷ್ಟು ಎಂದು ಮೊದಲೇ ನೋಡಬೇಕು. ತಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ನಿನ್ನೆಯಿಂದ ಅವನ ಹಟ ಮಾನಿಟರಿನದಲ್ಲ, ಮಂಚದ್ದು: ಅದನ್ನು ಎದುರು ಗೋಡೆಗೆ ಸರಿಸಬೇಕಂತೆ.

ಅಕ್ಕ ಇನ್ನೂ ಒಪ್ಪಿಲ್ಲ.